ವಿಜ್ಞಾನ ವಸ್ತುಸಂಗ್ರಹಾಲಯಗಳಲ್ಲಿ ಶಬ್ದವನ್ನು ಕುರಿತ ಮಾದರಿಗಳು: ಸಂದರ್ಶಕರು ಹಾಗೂ ಶಾಲೆಗಳ ಮಾಹಿತಿಗಾಗಿ

ವಸ್ತುಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಯೊಳಗೆ ಇರಿಸಿದ ವಸ್ತುಗಳನ್ನು ದೂರದಿಂದ ನೋಡಿ ಬರುವ ಸ್ಥಳವೆಂಬ ಭಾವನೆ ಸಾರ್ವಜನಿಕರಲ್ಲಿ ಸಾಮಾನ್ಯವಾಗಿದೆ. ಶಿಲ್ಪ, ನಾಣ್ಯ, ತಾಳೆಗರಿ ಮುಂತಾದವುಗಳ ಮಟ್ಟಿಗೆ ಇದು ಸರಿಯೂ ಹೌದು. ವಿಜ್ಞಾನ ವಸ್ತುಸಂಗ್ರಹಾಲಯಗಳಲ್ಲಿ ಮಾತ್ರ ಈ ನಿಯಮ ತಿರುಗುಮುರುಗಾಗಿದೆ. ಅಲ್ಲಿನ ಬಹುಪಾಲು ಮಾದರಿಗಳನ್ನು ಸಂದರ್ಶಕರು ತಮ್ಮ ಕೈಯಿಂದಲೇ ತಿರುಗಿಸಿ, ಒತ್ತಿ, ಎಳೆದು, ಬಡಿದು ನೋಡಬೇಕೆಂದೇ ನಿರ್ಮಿಸಲಾಗಿರುತ್ತದೆ. ಮುಟ್ಟದೆ ನಿಂತವರಿಗೆ ಅವು ಏನನ್ನೂ ಹೇಳುವುದಿಲ್ಲ.

ಶಬ್ದವಿಜ್ಞಾನದ ಮಾದರಿಗಳ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯ. ಬೆಳಕಿನ ಮಾದರಿಯನ್ನು ದೂರದಿಂದ ನೋಡಿದರೂ ಸ್ವಲ್ಪವಾದರೂ ತಿಳಿಯುತ್ತದೆ. ಶಬ್ದವು ಕಣ್ಣಿಗೆ ಕಾಣದು. ಗದ್ದಲದ ನಡುವೆ ಕಿವಿಗೂ ಸರಿಯಾಗಿ ಸಿಗದು. ಶಾಲಾ ಪ್ರವಾಸದ ದಿನ ನೂರಾರು ಮಕ್ಕಳು ಒಮ್ಮೆಗೇ ಒಂದು ಸಭಾಂಗಣದೊಳಗೆ ನುಗ್ಗಿ, ಸಿಕ್ಕ ಗುಂಡಿಯನ್ನೆಲ್ಲ ಒತ್ತಿ, ಇಪ್ಪತ್ತು ನಿಮಿಷದಲ್ಲಿ ಹೊರಬಂದು ಮುಂದಿನ ಸ್ಥಳಕ್ಕೆ ಬಸ್ಸು ಹತ್ತುವುದು ಸಾಮಾನ್ಯ ದೃಶ್ಯ. ಅಂಥ ಭೇಟಿಯಿಂದ ಮಕ್ಕಳಿಗೆ ಉಳಿಯುವುದು ಗದ್ದಲದ ನೆನಪು ಮಾತ್ರ. ಈ ಮಾದರಿಗಳು ಏನನ್ನು ತೋರಿಸುತ್ತವೆ, ಅವುಗಳನ್ನು ಬಳಸುವ ಸರಿಯಾದ ಕ್ರಮ ಯಾವುದು, ಭೇಟಿಯ ಸಮಯದಲ್ಲಿ ಶಿಕ್ಷಕರು ಹಾಗೂ ಪೋಷಕರು ಗಮನಿಸಬೇಕಾದ ಅಂಶಗಳಾವುವು ಎಂಬುದನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಸಂದರ್ಶಕರೇ ನಡೆಸಿ ನೋಡುವ ಮಾದರಿಗಳ ಪರಿಕಲ್ಪನೆ ಯೂರೋಪಿನಲ್ಲಿ 20ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ರೂಪುಗೊಂಡಿತ್ತು. ಜರ್ಮನಿಯ ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಂ ಹಾಗೂ 1937ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಪಾಲೆ ದ ಲಾ ದೆಕೂವೆರ್ತ್ ಇದಕ್ಕೆ ಹೆಸರಾದ ಸಂಸ್ಥೆಗಳು. ಭೌತವಿಜ್ಞಾನಿ ಫ್ರ್ಯಾಂಕ್ ಓಪನ್‌ಹೈಮರ್ ಅವರು 1969ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಎಂಬ ಸಂಸ್ಥೆಯನ್ನು ತೆರೆದ ನಂತರ ಇದು ಪ್ರಪಂಚದಾದ್ಯಂತ ಹರಡಿತು. ತಾವು ರೂಪಿಸಿದ ಮಾದರಿಗಳನ್ನು ಕಟ್ಟುವ ವಿಧಾನವನ್ನು ಈ ಸಂಸ್ಥೆಯವರು ಗುಟ್ಟಾಗಿಡದೆ, ಅಡುಗೆ ಪುಸ್ತಕದ ರೀತಿಯಲ್ಲಿ ಅಚ್ಚು ಹಾಕಿಸಿ ಹಂಚಿದರು. ಬೇರೆ ಬೇರೆ ದೇಶಗಳ ವಿಜ್ಞಾನ ಕೇಂದ್ರಗಳಲ್ಲಿ ಒಂದೇ ಬಗೆಯ ಮಾದರಿಗಳು ಕಾಣಸಿಗಲು ಇದೂ ಒಂದು ಕಾರಣ.

ನಮ್ಮ ದೇಶದಲ್ಲಿ 1959ರಲ್ಲಿ ಕೋಲ್ಕತ್ತಾದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಪ್ರಾರಂಭವಾಯಿತು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಮೊದಲ ವಿಭಾಗವು 1965ರಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. 1978ರಲ್ಲಿ ಇಂತಹ ಸಂಸ್ಥೆಗಳನ್ನು ಒಂದೇ ಆಡಳಿತಕ್ಕೆ ತಂದು ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತನ್ನು ರಚಿಸಲಾಯಿತು. ಇದು ಕೇಂದ್ರ ಸರ್ಕಾರದ ಸಂಸ್ಕೃತಿ ಸಚಿವಾಲಯದ ಅಧೀನದಲ್ಲಿದೆ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರವು 1984ರಿಂದ ಕಾರ್ಯನಿರ್ವಹಿಸುತ್ತಿದ್ದು, ಧಾರವಾಡ ಮತ್ತು ಮಂಗಳೂರಿನ ಪಿಲಿಕುಳದಲ್ಲಿಯೂ ಪ್ರಾದೇಶಿಕ ವಿಜ್ಞಾನ ಕೇಂದ್ರಗಳಿವೆ. ಬೆಂಗಳೂರಿನ ಸಂಗ್ರಹಾಲಯದಲ್ಲಿ ಮೋಜಿನ ವಿಜ್ಞಾನ ಎಂಬ ವಿಭಾಗವೇ ಇದ್ದು, ಬೆಳಕು, ದ್ರವ ಮುಂತಾದವುಗಳ ಜೊತೆಗೆ ಶಬ್ದಕ್ಕೆ ಸಂಬಂಧಿಸಿದ ಮಾದರಿಗಳೂ ಅದರಲ್ಲಿ ಸೇರಿವೆ.

ಮುಂದೆ ವಿವರಿಸಿರುವ ಎಲ್ಲ ಮಾದರಿಗಳೂ ಪ್ರತಿಯೊಂದು ಕೇಂದ್ರದಲ್ಲಿ ಇರುತ್ತವೆಂದು ಭಾವಿಸಬಾರದು. ಮಾದರಿಗಳನ್ನು ಆಗಾಗ್ಗೆ ಬದಲಾಯಿಸಲಾಗುತ್ತದೆ. ಕೆಲವನ್ನು ದುರಸ್ತಿಗಾಗಿ ತೆಗೆದಿರಿಸಿರಬಹುದು. ಆದರೆ ತತ್ವಗಳು ಎಲ್ಲೆಡೆ ಒಂದೇ.

ಕಂಪನವೇ ಶಬ್ದದ ಮೂಲ

ಯಾವುದೇ ವಸ್ತು ಕಂಪಿಸಿದಾಗ ಅದರ ಸುತ್ತಲಿನ ಗಾಳಿ ಒತ್ತಲ್ಪಟ್ಟು, ಸಡಿಲಗೊಂಡು, ಆ ಏರಿಳಿತವು ಅಲೆಯಾಗಿ ಮುಂದೆ ಸಾಗಿ ಕಿವಿಯ ತಮಟೆಯನ್ನು ತಲುಪುತ್ತದೆ. ಪಠ್ಯಪುಸ್ತಕದ ಈ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅದನ್ನು ನಂಬುವುದು ಶ್ರುತಿಕವೆಯನ್ನು ಮುಟ್ಟಿದಾಗ. ರಬ್ಬರಿನ ಬಿಲ್ಲೆಗೆ ಬಡಿದ ಶ್ರುತಿಕವೆಯ ತುದಿಯನ್ನು ನೀರಿಗೆ ತಾಗಿಸಿದರೆ ನೀರು ಸಿಡಿಯುತ್ತದೆ. ಬೆರಳಿಗೆ ತಾಗಿಸಿದರೆ ಕಚಗುಳಿಯಾಗುತ್ತದೆ. ಅದರ ಕಾಲನ್ನು ಮರದ ಮೇಜಿಗೆ ಊರಿದರೆ ಕ್ಷೀಣವಾಗಿದ್ದ ನಾದ ಇಡೀ ಕೋಣೆಗೆ ಕೇಳಿಸುತ್ತದೆ. ಶಕ್ತಿ ಹೆಚ್ಚಿದ್ದರಿಂದ ಹೀಗಾಯಿತೆಂದು ಮಕ್ಕಳು ಹೇಳುವುದುಂಟು. ಅದು ಸರಿಯಲ್ಲ. ಕವೆಯಲ್ಲಿದ್ದ ಶಕ್ತಿಯನ್ನೇ ಮೇಜಿನ ಅಗಲವಾದ ಮೈ ಹೆಚ್ಚು ಗಾಳಿಗೆ ದಾಟಿಸುತ್ತದೆ. ಆದ್ದರಿಂದ ಕವೆಯ ನಾದ ಬೇಗ ಆರಿಯೂ ಹೋಗುತ್ತದೆ. ವೀಣೆಯ ಕೊಡ, ತಂಬೂರಿಯ ಬುರುಡೆ ಮಾಡುವ ಕೆಲಸವೂ ಇದೇ.

256 ಹರ್ಟ್ಜ್ ಮತ್ತು 260 ಹರ್ಟ್ಜ್ ಆವೃತ್ತಿಯ ಎರಡು ಕವೆಗಳನ್ನು ಒಟ್ಟಿಗೆ ನುಡಿಸಿದರೆ, ಸೆಕೆಂಡಿಗೆ 4 ಬಾರಿ ಏರಿ ಇಳಿಯುವ ಒಂದೇ ನಾದ ಕೇಳಿಬರುತ್ತದೆ. ಕಲಾವಿದರು ಕಚೇರಿಗೆ ಮುನ್ನ ತಂಬೂರಿಯ ಶ್ರುತಿ ಸೇರಿಸುವಾಗ ಕಿವಿಗೊಟ್ಟು ಹುಡುಕುವುದು ಈ ಅಲುಗಾಟ ನಿಲ್ಲುವ ಬಿಂದುವನ್ನೇ.

ಗಾಳಿ ಇಲ್ಲದೆಡೆ ಶಬ್ದ ಸಾಗದೆಂಬುದನ್ನು ಗಾಜಿನ ಗಂಟೆಯೊಳಗಿನ ವಿದ್ಯುತ್ ಕರೆಗಂಟೆ ತೋರಿಸುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಪ್ರಯೋಗದ ರೂಪ ಇದು. ಗುಂಡಿ ಒತ್ತಿದಾಗ ಪಂಪು ಗಾಳಿಯನ್ನು ಹೊರಗೆಳೆಯುತ್ತದೆ. ಗಂಟೆ ಬಡಿಯುತ್ತಿರುವುದು ಕಾಣುತ್ತದೆ, ಆದರೆ ಸದ್ದು ಕುಗ್ಗುತ್ತಾ ಹೋಗುತ್ತದೆ. ಸದ್ದು ಸಂಪೂರ್ಣ ನಿಲ್ಲಲಿಲ್ಲವೆಂದು ಮಾದರಿ ಕೆಟ್ಟಿದೆಯೆಂದು ದೂರುವವರಿದ್ದಾರೆ. ಪಂಪು ಸ್ವಲ್ಪ ಗಾಳಿಯನ್ನು ಉಳಿಸಿರುತ್ತದೆ ಮತ್ತು ಗಂಟೆಯನ್ನು ಹಿಡಿದಿರುವ ತಂತಿ ಹಾಗೂ ಆಧಾರದ ಮೂಲಕವೂ ಕಂಪನ ಹೊರಬರುತ್ತದೆ ಎಂಬುದನ್ನು ಗಮನಿಸಬೇಕು. ಪಂಪಿನ ಸ್ವಂತ ಸದ್ದೇ ಕೆಲವೆಡೆ ಗಂಟೆಯ ಸದ್ದನ್ನು ಮುಚ್ಚಿಬಿಡುವುದರಿಂದ, ಗಾಳಿಯನ್ನು ಮತ್ತೆ ಒಳಬಿಡುವ ಕ್ಷಣವನ್ನು ಕಾದು ಕೇಳುವುದು ಉತ್ತಮ. ಬದಲಾವಣೆ ಆಗಲೇ ಸ್ಪಷ್ಟವಾಗಿ ತಿಳಿಯುತ್ತದೆ.

ಕಣ್ಣಿಗೆ ಕಾಣುವ ಶಬ್ದ

ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಲೋಹದ ತಟ್ಟೆಯ ಮೇಲೆ ಮರಳನ್ನು ಉದುರಿಸಿ ಅಂಚಿಗೆ ಪಿಟೀಲಿನ ಕಮಾನನ್ನು ಎಳೆದಾಗ ಮೂಡುವ ಆಕೃತಿಗಳನ್ನು ಚಿತ್ರಸಹಿತ ವಿವರಿಸಿದರು. ತಟ್ಟೆಯ ಕೆಲವು ಭಾಗಗಳು ಜೋರಾಗಿ ಕಂಪಿಸುತ್ತವೆ, ಕೆಲವು ರೇಖೆಗಳು ಅಲುಗದೆ ನಿಲ್ಲುತ್ತವೆ. ಮರಳು ಕಂಪಿಸುವ ಭಾಗದಿಂದ ಹಾರಿ ಅಲುಗದ ರೇಖೆಗಳ ಮೇಲೆ ಬಂದು ಕೂರುತ್ತದೆ. ಇಂದಿನ ಮಾದರಿಗಳಲ್ಲಿ ಕಮಾನಿನ ಬದಲಿಗೆ ವಿದ್ಯುತ್ ಕಂಪಕವಿದ್ದು, ಗುಬುಟನ್ನು ತಿರುಗಿಸಿ ಆವೃತ್ತಿಯನ್ನು ಏರಿಸಬಹುದು. ಬಹುತೇಕ ಸಂದರ್ಶಕರು ಗುಬುಟನ್ನು ಒಂದು ತುದಿಯಿಂದ ಮತ್ತೊಂದು ತುದಿಗೆ ಸರ್ರನೆ ತಿರುಗಿಸಿ, ಏನೂ ಆಗಲಿಲ್ಲವೆಂದು ಮುಂದೆ ಹೋಗುತ್ತಾರೆ. ಆಕೃತಿ ಮೂಡುವುದು ತಟ್ಟೆಗೆ ಒಗ್ಗುವ ಕೆಲವೇ ಆವೃತ್ತಿಗಳಲ್ಲಿ. ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿ ಕಾಯಬೇಕು. ಆವೃತ್ತಿ ಹೆಚ್ಚಿದಂತೆ ರಂಗೋಲಿ ಜಟಿಲವಾಗುತ್ತದೆ.

ಉದ್ದನೆಯ ಪಾರದರ್ಶಕ ಕೊಳವೆಯಲ್ಲಿ ಥರ್ಮೋಕೋಲಿನ ಸಣ್ಣ ಕಾಳುಗಳನ್ನು ತುಂಬಿ, ಒಂದು ತುದಿಗೆ ಧ್ವನಿವರ್ಧಕವನ್ನು ಅಳವಡಿಸಿದ ಮಾದರಿಯೂ ಹಲವೆಡೆ ಇದೆ. ಇದರ ಮೂಲ 1866ರಲ್ಲಿ ಆಗಸ್ಟ್ ಕುಂಡ್ಟ್ ರೂಪಿಸಿದ ಕೊಳವೆ. ತುದಿಯಿಂದ ಹೊರಟ ಅಲೆಯೂ ಎದುರು ತುದಿಗೆ ಬಡಿದು ಮರಳಿದ ಅಲೆಯೂ ಕೂಡಿದಾಗ ಕೊಳವೆಯೊಳಗೆ ಸ್ಥಾಯೀ ತರಂಗ ಏರ್ಪಡುತ್ತದೆ. ಕಾಳುಗಳು ಕೆಲವೆಡೆ ಎದ್ದು ಕುಣಿಯುತ್ತವೆ, ಕೆಲವೆಡೆ ಕದಲದೆ ಬಿದ್ದಿರುತ್ತವೆ. ಕದಲದ ಎರಡು ಪಕ್ಕಪಕ್ಕದ ಜಾಗಗಳ ಅಂತರವು ತರಂಗದೂರದ ಅರ್ಧ. 1000 ಹರ್ಟ್ಜ್ ಆವೃತ್ತಿಗೆ ಈ ಅಂತರ ಸುಮಾರು 17 ಸೆಂಟಿಮೀಟರ್ ಬರುತ್ತದೆ. ಅದನ್ನು ಎರಡರಿಂದ ಗುಣಿಸಿ, ಬಂದ ತರಂಗದೂರವನ್ನು ಆವೃತ್ತಿಯಿಂದ ಗುಣಿಸಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಎಂದು ದೊರೆಯುತ್ತದೆ. ಒಂದು ಅಳತೆಪಟ್ಟಿ ಮತ್ತು ಒಂದು ಕೊಳವೆಯಿಂದ ಎಂಟನೆಯ ತರಗತಿಯ ವಿದ್ಯಾರ್ಥಿಯೇ ಈ ವೇಗವನ್ನು ಅಳೆಯಬಹುದು. ಪ್ರವಾಸಕ್ಕೆ ಬರುವ ಶಾಲೆಗಳು ಅಳತೆಪಟ್ಟಿಯನ್ನು ಜೊತೆಗೆ ತರುವುದು ಅಪರೂಪ. ತಂದರೆ ಈ ಮಾದರಿಯ ಪೂರ್ಣ ಪ್ರಯೋಜನ ದೊರೆಯುತ್ತದೆ.

ಗೋಡೆಗೆ ಸಾಲಾಗಿ ಜೋಡಿಸಿದ ಉದ್ದ ಗಿಡ್ಡ ಕೊಳವೆಗಳ ತುದಿಗೆ ಕಿವಿಯಿಟ್ಟು ಕೇಳುವ ಮಾದರಿ ನೋಡಲು ಅತ್ಯಂತ ಸಾಧಾರಣ. ಅದಕ್ಕೆ ಗುಂಡಿಯಿಲ್ಲ, ದೀಪವಿಲ್ಲ. ಕೊಳವೆಗಳಿಗೆ ಕಿವಿಯಿಟ್ಟಾಗ ಪ್ರತಿಯೊಂದರಲ್ಲಿಯೂ ಬೇರೆ ಬೇರೆ ಸ್ಥಾಯಿಯ ಗುಂಯ್ ಎಂಬ ನಾದ ಕೇಳಿಸುತ್ತದೆ. ಕೊಳವೆಯೊಳಗೆ ಯಾವ ಯಂತ್ರವೂ ಇಲ್ಲ. ಸಭಾಂಗಣದ ಗದ್ದಲದಲ್ಲಿ ಎಲ್ಲ ಆವೃತ್ತಿಗಳೂ ಬೆರೆತಿದ್ದು, ಪ್ರತಿ ಕೊಳವೆಯೂ ತನ್ನ ಉದ್ದಕ್ಕೆ ಒಗ್ಗುವ ಆವೃತ್ತಿಯನ್ನು ಮಾತ್ರ ಆರಿಸಿಕೊಂಡು ನುಡಿಯುತ್ತದೆ. ಇದಕ್ಕೆ ಅನುನಾದವೆಂದು ಹೆಸರು. ಎರಡೂ ತುದಿ ತೆರೆದ ಒಂದು ಮೀಟರ್ ಉದ್ದದ ಕೊಳವೆ ಸುಮಾರು 172 ಹರ್ಟ್ಜ್‌ನಲ್ಲಿಯೂ, ಅರ್ಧ ಮೀಟರ್ ಉದ್ದದ್ದು ಅದರ ಇಮ್ಮಡಿ ಆವೃತ್ತಿಯಲ್ಲಿಯೂ ನುಡಿಯುತ್ತವೆ. ಕೊಳಲಿನ ರಂಧ್ರಗಳನ್ನು ಬೆರಳಿನಿಂದ ಮುಚ್ಚಿ ತೆರೆಯುವುದೂ ನುಡಿಯುವ ಗಾಳಿಕಂಬದ ಉದ್ದವನ್ನು ಬದಲಿಸುವ ಉಪಾಯವೇ. ಉಳಿದೆಲ್ಲ ಮಾದರಿಗಳಿಗೆ ಸಭಾಂಗಣದ ಗದ್ದಲ ಶತ್ರುವಾದರೆ, ಇದೊಂದಕ್ಕೆ ಮಾತ್ರ ಅದೇ ಬಂಡವಾಳ.

ಪಿಸುಮಾತಿನ ತಟ್ಟೆಗಳು ಮತ್ತು ಗೋಲಗುಂಬಜ್

ಮಕ್ಕಳನ್ನು ಅತಿ ಹೆಚ್ಚು ಆಕರ್ಷಿಸುವ ಮಾದರಿ ಪಿಸುಮಾತಿನ ತಟ್ಟೆಗಳು. ವಿಜ್ಞಾನ ಉದ್ಯಾನದ ಎರಡು ಕೊನೆಗಳಲ್ಲಿ, ಇಪ್ಪತ್ತು ಮೂವತ್ತು ಮೀಟರ್ ಅಂತರದಲ್ಲಿ, ಎರಡು ದೊಡ್ಡ ಪರವಲಯಾಕಾರದ ತಟ್ಟೆಗಳನ್ನು ಎದುರುಬದುರು ನಿಲ್ಲಿಸಲಾಗಿರುತ್ತದೆ. ಒಂದರ ನಾಭಿಯ ಬಳಿ ಪಿಸುಗುಟ್ಟಿದ ಮಾತು ತಟ್ಟೆಗೆ ಬಡಿದು ಚದುರದೆ ಸಮಾನಾಂತರವಾಗಿ ಸಾಗಿ, ಎದುರು ತಟ್ಟೆಯಿಂದ ಪ್ರತಿಫಲಿಸಿ ಅದರ ನಾಭಿಯಲ್ಲಿ ಒಂದುಗೂಡುತ್ತದೆ. ನಡುವೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಎದುರು ನಿಂತಿರುವವರ ಕಡೆಗೆ ಮುಖಮಾಡಿ ಮಾತನಾಡುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ಮಾತನಾಡುವವರು ತಟ್ಟೆಯ ಕಡೆಗೆ ಮುಖಮಾಡಿ, ಗುರುತಿಸಿದ ಬಳೆಯ ಬಳಿಯೇ ಬಾಯಿಯಿಟ್ಟು ಮೆಲ್ಲಗೆ ನುಡಿಯಬೇಕು. ಕೇಳುವವರು ತಮ್ಮ ತಟ್ಟೆಯ ಬಳೆಯ ಬಳಿ ಕಿವಿಯಿಡಬೇಕು. ಕೂಗಿದರೆ ಮಾತು ಗಾಳಿಯಲ್ಲಿ ನೇರವಾಗಿಯೇ ಕೇಳಿ ಪ್ರಯೋಗ ವ್ಯರ್ಥವಾಗುತ್ತದೆ.

ಉದ್ದನೆಯ ಪ್ರತಿಧ್ವನಿ ಕೊಳವೆಯೂ ಕೆಲವು ಉದ್ಯಾನಗಳಲ್ಲಿದೆ. ತುದಿ ಮುಚ್ಚಿದ 30 ಮೀಟರ್ ಕೊಳವೆಯಲ್ಲಿ ಶಬ್ದ ಹೋಗಿ ಬರಲು 60 ಮೀಟರ್ ಸಾಗಬೇಕಾಗಿದ್ದು, ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಬಾಯಿಯ ಬಳಿ ಒಂದು ಚಪ್ಪಾಳೆ ತಟ್ಟಿದರೆ ಮರಳಿ ಬರುವುದು ಚಪ್ಪಾಳೆಯಂತಿರದೆ, ಕೀರಲಾಗಿ ಹೊರಟು ಕೆಳಸ್ಥಾಯಿಗೆ ಇಳಿಯುವ ಝೂಂ ಎಂಬ ವಿಚಿತ್ರ ಸ್ವರವಾಗಿರುತ್ತದೆ. ನೇರವಾಗಿ ಸಾಗಿದ ಶಬ್ದ ಮೊದಲು ಮರಳುತ್ತದೆ, ಕೊಳವೆಯ ಗೋಡೆಗಳಿಗೆ ಬಡಿಯುತ್ತಾ ಅಂಕುಡೊಂಕಾಗಿ ಸಾಗಿದ ಭಾಗಗಳು ತಡವಾಗಿ, ಒಂದಕ್ಕಿಂತ ಒಂದು ಹೆಚ್ಚು ಅಂತರದಲ್ಲಿ ಮರಳುತ್ತವೆ. ಅಂತರ ಹೆಚ್ಚಿದಂತೆ ಸ್ಥಾಯಿ ಇಳಿದಂತೆ ಕೇಳಿಸುತ್ತದೆ.

ಮನುಷ್ಯ ನಿರ್ಮಿತ ಕಟ್ಟಡವೇ ಶಬ್ದದ ಮಾದರಿಯಾಗಿರುವುದಕ್ಕೆ ವಿಜಯಪುರದ ಗೋಲಗುಂಬಜ್‌ಗಿಂತ ಉತ್ತಮ ನಿದರ್ಶನ ದೊರೆಯದು. 17ನೆಯ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನ ಸಮಾಧಿಗಾಗಿ ನಿರ್ಮಿಸಿದ ಈ ಕಟ್ಟಡದ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗುಮ್ಮಟದ ಬುಡದಲ್ಲಿರುವ ಮೊಗಸಾಲೆಯಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಇದು ಪಿಸುಮಾತಿನ ತಟ್ಟೆಯಂತಲ್ಲ. ಶಬ್ದವು ಬಾಗಿದ ಗೋಡೆಯನ್ನು ಅಪ್ಪಿಕೊಂಡಂತೆ ಸಾಗುತ್ತದೆಂದು ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಮೊಗಸಾಲೆಯನ್ನು ಕುರಿತು ಲಾರ್ಡ್ ರ‍್ಯಾಲೆ ವಿವರಿಸಿದ್ದರು. 1921ರಲ್ಲಿ ಲಂಡನ್ನಿಗೆ ತೆರಳಿದ್ದ ಸಿ. ವಿ. ರಾಮನ್ ಅವರು ಅದೇ ಮೊಗಸಾಲೆಯಲ್ಲಿ ಪ್ರಯೋಗ ನಡೆಸಿ, ತರುವಾಯ ಭಾರತದ ಇಂತಹ ಕಟ್ಟಡಗಳನ್ನೂ ಅಧ್ಯಯನ ಮಾಡಿದರು. ಗೋಲಗುಂಬಜ್ ಅವುಗಳಲ್ಲೊಂದು. ಇಂದು ಅಲ್ಲಿಗೆ ಹೋಗುವವರು ಹೆಚ್ಚಾಗಿ ಕೇಳುವುದು ಕೂಗು ಮತ್ತು ಶಿಳ್ಳೆಗಳ ಮರುದನಿಯನ್ನು. ಪಿಸುಮಾತನ್ನು ಕೇಳಬಯಸುವವರು ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋಗುವುದು ಲೇಸು.

ಹಂಪೆಯ ವಿಜಯವಿಠ್ಠಲ ದೇವಾಲಯದ ಸಂಗೀತ ಕಂಬಗಳ ವಿಷಯವನ್ನೂ ಇಲ್ಲಿ ತಿಳಿಸುವುದು ಅಗತ್ಯ. ಬಡಿದರೆ ನಾದ ಹೊಮ್ಮಿಸುವ ಈ ಕಂಬಗಳು ಲಕ್ಷಾಂತರ ಕೈಗಳ ಪೆಟ್ಟಿನಿಂದ ಸವೆಯಬಾರದೆಂಬ ಕಾರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಅವುಗಳನ್ನು ಬಡಿಯುವುದನ್ನು ನಿಷೇಧಿಸಿದೆ. ವಿಜ್ಞಾನ ಕೇಂದ್ರದಲ್ಲಿ ಬಡಿದು ನೋಡಿ ಕಲಿತ ಮಕ್ಕಳಿಗೆ, ಹಂಪೆಯಲ್ಲಿ ಕೈಕಟ್ಟಿ ನಿಲ್ಲಬೇಕೆಂಬುದನ್ನು ಶಿಕ್ಷಕರು ಮುಂಚಿತವಾಗಿಯೇ ತಿಳಿಸತಕ್ಕದ್ದು. ಮಾದರಿ ಸವೆದರೆ ಮತ್ತೊಂದನ್ನು ಮಾಡಬಹುದು. ಕಂಬ ಸವೆದರೆ ಹೋದದ್ದೇ.

ಮೃದಂಗದ ಕರಣೆ

ಬಿಗಿದ ಸಾಮಾನ್ಯ ಚರ್ಮವನ್ನು ಬಡಿದಾಗ ಹೊರಡುವ ಆವೃತ್ತಿಗಳು ಒಂದಕ್ಕೊಂದು ಪೂರ್ಣಾಂಕದ ಪ್ರಮಾಣದಲ್ಲಿ ಇರುವುದಿಲ್ಲ. ಮೊದಲನೆಯದನ್ನು 1 ಎಂದಿಟ್ಟುಕೊಂಡರೆ ಮುಂದಿನವು 1.59, 2.14, 2.30 ಹೀಗೆ ಬರುತ್ತವೆ. ಆದಕಾರಣ ತಮಟೆಯ ಸದ್ದಿಗೆ ಖಚಿತವಾದ ಶ್ರುತಿಯಿಲ್ಲ. ಮೃದಂಗ ಮತ್ತು ತಬಲಗಳಿಗೆ ಶ್ರುತಿಯಿದೆ. ಅದರ ಗುಟ್ಟು ಬಲಮುಚ್ಚಳಿಕೆಯ ನಡುವೆ ಮೆತ್ತಿದ ಕಪ್ಪು ಕರಣೆಯಲ್ಲಿದೆ. ಕಬ್ಬಿಣದ ಅಂಶವುಳ್ಳ ಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು ಪದರ ಪದರವಾಗಿ ಹಚ್ಚುವ ಈ ಭಾರವು ಚರ್ಮದ ಕಂಪನಗಳನ್ನು 1, 2, 3, 4, 5 ಎಂಬ ಪ್ರಮಾಣಕ್ಕೆ ತರುತ್ತದೆ. ರಾಮನ್ ಅವರು ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ಇದನ್ನು ಮೊದಲು ವರದಿ ಮಾಡಿ, 1934ರಲ್ಲಿ ಬೆಂಗಳೂರಿನಲ್ಲಿ ತಾವೇ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ ವಿಸ್ತಾರವಾಗಿ ಪ್ರಕಟಿಸಿದರು. ಚರ್ಮದ ಮೇಲೆ ನುಣ್ಣನೆಯ ಮರಳನ್ನು ಉದುರಿಸಿ ಬಡಿದು, ಮರಳು ಸೇರುವ ರೇಖೆಗಳಿಂದ ಕಂಪನದ ರೀತಿಯನ್ನು ಗುರುತಿಸುವ ವಿಧಾನವನ್ನೇ ಅವರು ಬಳಸಿದ್ದರು. ಕ್ಲಾಡ್ನಿಯ ತಟ್ಟೆಯನ್ನು ನೋಡಿದ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ತಿಳಿಸಿ, ಸಾಧ್ಯವಿದ್ದಲ್ಲಿ ಒಂದು ಕರಣೆಯುಳ್ಳ ಮತ್ತು ಒಂದು ಕರಣೆಯಿಲ್ಲದ ವಾದ್ಯವನ್ನು ಶಾಲೆಯಲ್ಲಿಯೇ ಬಡಿಸಿ ಕೇಳಿಸಬಹುದು. ಇದಕ್ಕೆ ಯಾವ ಸಂಗ್ರಹಾಲಯವೂ ಬೇಕಿಲ್ಲ.

ಕಿವಿಯ ಮಿತಿ ತೋರಿಸುವ ಮಾದರಿ: ಪೋಷಕರು ವಿಶೇಷವಾಗಿ ಗಮನಿಸಬೇಕಾದ ಅಂಶ

ಮನುಷ್ಯನ ಕಿವಿಗೆ ಕೇಳಿಸುವ ಆವೃತ್ತಿ ಸುಮಾರು 20 ರಿಂದ 20,000 ಹರ್ಟ್ಜ್‌ವರೆಗೆ ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಗುಬುಟನ್ನು ತಿರುಗಿಸಿ ತಮಗೆ ಎಲ್ಲಿಯವರೆಗೆ ಕೇಳಿಸುತ್ತದೆಂದು ಸಂದರ್ಶಕರೇ ಪರೀಕ್ಷಿಸಿಕೊಳ್ಳುವ ಮಾದರಿಯ ಮುಂದೆ ಅಜ್ಜ, ತಂದೆ, ಮಗ ಮೂವರೂ ನಿಂತರೆ ಮೂವರ ಮಿತಿಯೂ ಬೇರೆ ಬೇರೆಯಾಗಿರುತ್ತದೆ. ವಯಸ್ಸಾದಂತೆ ಮೇಲಿನ ಮಿತಿ ಕುಗ್ಗುವುದು ಸಹಜ. ಅಜ್ಜನಿಗೆ 8,000 ಹರ್ಟ್ಜ್‌ಗೇ ಸದ್ದು ನಿಂತುಹೋಯಿತೆಂದು ಮೊಮ್ಮಕ್ಕಳು ನಗುವುದನ್ನು ಕಾಣಬಹುದು. ಹಿರಿಯರು ಇದಕ್ಕೆ ಮನನೊಂದುಕೊಳ್ಳಬೇಕಾಗಿಲ್ಲ.

ಮಗುವಿನ ವಿಷಯ ಹಾಗಲ್ಲ. ಸಹಪಾಠಿಗಳೆಲ್ಲರಿಗೂ ಕೇಳಿದ ಸ್ವರ ಒಂದು ಮಗುವಿಗೆ ಕೇಳದಿದ್ದರೆ, ಪಿಸುಮಾತಿನ ತಟ್ಟೆಯ ಬಳಿ ಎಲ್ಲರೂ ಮಾತನ್ನು ಗುರುತಿಸಿದಾಗ ಒಂದು ಮಗು ಮಾತ್ರ ಇತರರ ಮುಖ ನೋಡಿ ನಕ್ಕು ಸುಮ್ಮನಾದರೆ, ಜೊತೆಯಲ್ಲಿರುವ ಶಿಕ್ಷಕರು ಅದನ್ನು ಕಡೆಗಣಿಸಬಾರದು. ತರಗತಿಯಲ್ಲಿ ಗಮನವಿಲ್ಲದ ಮಗು, ಓದಿನಲ್ಲಿ ಹಿಂದುಳಿದ ಮಗು, ಮಾತು ಕೇಳದ ಮಗು ಎಂದು ಹೆಸರು ಹೊತ್ತ ಮಕ್ಕಳಲ್ಲಿ ಕೆಲವರಿಗೆ ಇರುವ ನಿಜವಾದ ತೊಂದರೆ ಶ್ರವಣದೋಷ. ಒಂದೇ ಕಿವಿಯ ದೋಷವಾದರೆ ಮನೆಯವರಿಗೂ ವರ್ಷಗಟ್ಟಲೆ ತಿಳಿಯುವುದಿಲ್ಲ. ಕಿವಿಯಲ್ಲಿ ಕುಗ್ಗೆ ಗಟ್ಟಿಯಾಗಿರುವುದು, ಕಿವಿ ಸೋರುವಿಕೆ, ನಡುಗಿವಿಯಲ್ಲಿ ದ್ರವ ಸೇರಿರುವುದು ಮುಂತಾದ ಕಾರಣಗಳಿಂದ ಬಂದ ದೋಷಕ್ಕೆ ಸಕಾಲದಲ್ಲಿ ಚಿಕಿತ್ಸೆ ದೊರೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಮಾದರಿಯು ವೈದ್ಯಕೀಯ ಪರೀಕ್ಷೆಯಲ್ಲ. ಅದರ ಧ್ವನಿವರ್ಧಕ ಹಳೆಯದಾಗಿದ್ದರೆ ಮೇಲಿನ ಆವೃತ್ತಿಗಳನ್ನು ಹೊರಡಿಸದೇ ಇರಬಹುದು, ಸಭಾಂಗಣದ ಗದ್ದಲವೂ ಅಡ್ಡಿಯಾಗಬಹುದು. ಆದ್ದರಿಂದ ಮಾದರಿಯ ಮುಂದೆ ನಿಂತು ಮಗುವಿಗೆ ಕಿವುಡು ಎಂದು ಹೇಳುವುದಾಗಲೀ, ಇತರ ಮಕ್ಕಳ ಮುಂದೆ ಮತ್ತೆ ಮತ್ತೆ ಪರೀಕ್ಷಿಸುವುದಾಗಲೀ ಸಲ್ಲದು. ಸಂಶಯ ಬಂದಲ್ಲಿ ಪೋಷಕರಿಗೆ ಖಾಸಗಿಯಾಗಿ ತಿಳಿಸಿ, ಸರ್ಕಾರಿ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತೋರಿಸಲು ಸೂಚಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಯಲ್ಲಿ ಶ್ರವಣದೋಷವೂ ಸೇರಿದೆ. ತಪಾಸಣಾ ತಂಡ ಶಾಲೆಗೆ ಬಂದಾಗ ಅಂತಹ ಮಗುವನ್ನು ಹೆಸರಿಸಿ ತೋರಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಹಾಗೂ ಪುನರ್ವಸತಿಯ ವ್ಯವಸ್ಥೆಯಿದೆ.

ಶ್ರವಣದೋಷವುಳ್ಳ ಮಕ್ಕಳನ್ನು ಶಬ್ದ ವಿಭಾಗಕ್ಕೆ ಕರೆದೊಯ್ಯುವುದು ನಿಷ್ಪ್ರಯೋಜಕವೆಂದು ಭಾವಿಸಿ ಹೊರಗೆ ಕೂರಿಸುವ ಪದ್ಧತಿ ಕೆಲವೆಡೆ ಕಂಡುಬರುತ್ತದೆ. ಇದು ಸರಿಯಲ್ಲ. ಮೇಲೆ ತಿಳಿಸಿದ ಮರಳಿನ ತಟ್ಟೆ, ಕಾಳುಗಳ ಕೊಳವೆ, ನೀರಿಗೆ ತಾಗಿಸುವ ಶ್ರುತಿಕವೆ ಇವಾವುದಕ್ಕೂ ಕಿವಿಯ ಅಗತ್ಯವಿಲ್ಲ. ಊದಿದ ಬಲೂನನ್ನು ಎರಡೂ ಅಂಗೈಗಳಲ್ಲಿ ಹಿಡಿದು ಧ್ವನಿವರ್ಧಕದ ಮುಂದೆ ನಿಂತರೆ ಶಬ್ದದ ಏರಿಳಿತ ಕೈಗೆ ತಿಳಿಯುತ್ತದೆ. ಕಂಪಿಸುವ ಲೋಹದ ಪಟ್ಟಿಗೆ ಮೊಣಕೈಗಳನ್ನು ಊರಿ ಅಂಗೈಗಳಿಂದ ಕಿವಿ ಮುಚ್ಚಿಕೊಳ್ಳುವ ಮಾದರಿಯಲ್ಲಿ ಶಬ್ದವು ಮೂಳೆಯ ಮೂಲಕ ಒಳಗಿವಿಯನ್ನು ತಲುಪುತ್ತದೆ. ಹೊರಗಿವಿ ಅಥವಾ ನಡುಗಿವಿಯಲ್ಲಿ ಮಾತ್ರ ದೋಷವುಳ್ಳವರಲ್ಲಿ ಕೆಲವರಿಗೆ ಅದು ಕೇಳಿಸುವುದೂ ಉಂಟು. ಕಾಕ್ಲಿಯರ್ ಉಪಕರಣ ಅಳವಡಿಸಿಕೊಂಡ ಮಕ್ಕಳು ಮಾತ್ರ ಪಕ್ಕದ ವಿದ್ಯುತ್ ವಿಭಾಗದಲ್ಲಿರಬಹುದಾದ, ತಲೆಗೂದಲನ್ನು ನಿಮಿರಿಸುವ ವಾನ್ ಡಿ ಗ್ರಾಫ್ ಯಂತ್ರದಿಂದ ದೂರವಿರಬೇಕು. ಸ್ಥಿರವಿದ್ಯುತ್ತಿನಿಂದ ಉಪಕರಣಕ್ಕೆ ಹಾನಿಯಾಗುವ ಸಂಭವವಿದೆ.

ಗದ್ದಲವನ್ನು ಅಳೆಯುವ ಮಾದರಿ

ಮಕ್ಕಳು ಕಿರುಚಿ ಮುಳ್ಳನ್ನು ಅಥವಾ ದೀಪದ ಸಾಲನ್ನು ಏರಿಸುವ ಡೆಸಿಬೆಲ್ ಮಾಪಕವು ಅನೇಕ ಕೇಂದ್ರಗಳಲ್ಲಿದೆ. ಯಾರು ಹೆಚ್ಚು ಕಿರುಚುವರೆಂಬ ಸ್ಪರ್ಧೆಗೆ ಇದು ಬಳಕೆಯಾಗುತ್ತಿರುವುದು ವಿಷಾದನೀಯ. ಡೆಸಿಬೆಲ್ ಅಳತೆ ಸಾಮಾನ್ಯ ಅಳತೆಯಂತಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆ ಹತ್ತುಪಟ್ಟಾಗುತ್ತದೆ, 20 ಏರಿದರೆ ನೂರುಪಟ್ಟು. ದಿನಕ್ಕೆ 8 ಗಂಟೆಗಳ ಕಾಲ 85 ಡೆಸಿಬೆಲ್‌ಗೆ ಒಡ್ಡಿಕೊಳ್ಳುವುದು ಸುರಕ್ಷತೆಯ ಎಲ್ಲೆಯೆಂದೂ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗಬೇಕೆಂದೂ ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಶಬ್ದಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಾಸದ ಪ್ರದೇಶಗಳಲ್ಲಿ ಹಗಲು 55 ಮತ್ತು ರಾತ್ರಿ 45 ಡೆಸಿಬೆಲ್ ಮಿತಿಯಿದ್ದು, ರಾತ್ರಿ ಎಂದರೆ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗಿನ ಅವಧಿ. ಮಾಪಕದ ಮುಂದೆ ಮೊದಲು ಎಲ್ಲರೂ ಒಂದು ನಿಮಿಷ ಮೌನವಾಗಿ ನಿಂತು ಅಂಕಿಯನ್ನು ಬರೆದುಕೊಂಡು, ಆಮೇಲೆ ಸಾಮಾನ್ಯವಾಗಿ ಮಾತನಾಡಿ ಹೋಲಿಸಿದರೆ ಕಿರುಚಿದ್ದಕ್ಕಿಂತ ಹೆಚ್ಚು ಕಲಿತಂತಾಗುತ್ತದೆ. ಮೌನವಾಗಿ ನಿಂತಾಗಲೂ ಸಭಾಂಗಣದ ಅಂಕಿ ವಾಸದ ಪ್ರದೇಶದ ಹಗಲಿನ ಮಿತಿಯನ್ನು ಮೀರಿದ್ದರೆ ಮಕ್ಕಳೇ ಕಾರಣವನ್ನು ಹುಡುಕಲು ಆರಂಭಿಸುತ್ತಾರೆ.

ಗುಂಪು ಭೇಟಿ ಕುರಿತು

ಶಾಲೆಗಳು ಮುಖ್ಯೋಪಾಧ್ಯಾಯರ ಸಹಿಯುಳ್ಳ ಪತ್ರದಲ್ಲಿ ಭೇಟಿಯ ದಿನಾಂಕ, ತರಗತಿ, ವಿದ್ಯಾರ್ಥಿಗಳ ಮತ್ತು ಜೊತೆಗಿರುವ ಶಿಕ್ಷಕರ ಸಂಖ್ಯೆ, ಬೋಧನಾ ಮಾಧ್ಯಮ ಇವುಗಳನ್ನು ನಮೂದಿಸಿ ಸಂಬಂಧಪಟ್ಟ ಕೇಂದ್ರಕ್ಕೆ ಮುಂಚಿತವಾಗಿ ಕಳುಹಿಸುವುದು ಸೂಕ್ತ. ವಿಶೇಷ ಅಗತ್ಯವುಳ್ಳ ಮಕ್ಕಳಿದ್ದಲ್ಲಿ ಪತ್ರದಲ್ಲಿಯೇ ತಿಳಿಸಬೇಕು. ಪ್ರವೇಶ ಶುಲ್ಕ, ರಿಯಾಯಿತಿ ಹಾಗೂ ರಜಾದಿನಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ಕೇಂದ್ರದ ಕಚೇರಿಯಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು. ಡಿಸೆಂಬರ್ ಮತ್ತು ಜನವರಿ ಶಾಲಾ ಪ್ರವಾಸಗಳ ಕಾಲವಾಗಿದ್ದು ದಟ್ಟಣೆ ಹೆಚ್ಚಿರುತ್ತದೆ. ಶಬ್ದ ವಿಭಾಗವನ್ನೇ ಮುಖ್ಯವಾಗಿ ನೋಡಬಯಸುವ ಶಾಲೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೆಲಸದ ದಿನಗಳನ್ನು ಆರಿಸಿಕೊಂಡರೆ ಅನುಕೂಲ.

ಎಂಟರಿಂದ ಹತ್ತು ಮಕ್ಕಳ ತಂಡಗಳನ್ನಾಗಿ ಮಾಡಿ, ಪ್ರತಿ ತಂಡಕ್ಕೆ ಮೂರೇ ಮಾದರಿಗಳನ್ನು ವಹಿಸಿ, ಒಂದೊಂದರ ಬಳಿ ಹತ್ತು ನಿಮಿಷ ನಿಲ್ಲುವಂತೆ ಮಾಡುವುದು ಮೂವತ್ತು ಮಾದರಿಗಳ ಮುಂದೆ ಓಡಿಸುವುದಕ್ಕಿಂತ ಉಪಯುಕ್ತ. ಮೊದಲು ಮಾದರಿಯನ್ನು ನಡೆಸಿ, ಆಮೇಲೆ ಫಲಕವನ್ನು ಓದಬೇಕು. ಫಲಕವನ್ನು ಮೊದಲೇ ಓದಿದವರು ಅದರಲ್ಲಿ ಬರೆದದ್ದನ್ನೇ ಕೇಳಿದೆವೆಂದು ಹೇಳುತ್ತಾರೆ. ಫಲಕದ ಚಿತ್ರ ತೆಗೆದುಕೊಳ್ಳುವುದರಲ್ಲಿಯೇ ಸಮಯ ಕಳೆಯುವುದು ಬೇಡ. ಬಾಯಿ ಅಥವಾ ಕಿವಿಗೆ ತಾಗುವ ಮಾದರಿಗಳನ್ನು ಬಳಸುವ ಮುನ್ನ ಶುಭ್ರವಾದ ಬಟ್ಟೆಯಿಂದ ಒರೆಸಿಕೊಳ್ಳಬೇಕು. ನೆಗಡಿ, ಕಿವಿನೋವು ಇರುವ ಮಕ್ಕಳು ಹೆಡ್‌ಫೋನ್ ಬಳಸದಿರುವುದು ಒಳಿತು.

ಪ್ರವಾಸ ಬರಲು ಅನುಕೂಲವಿಲ್ಲದ ಗ್ರಾಮೀಣ ಶಾಲೆಗಳಿಗಾಗಿ ಬೆಂಗಳೂರಿನ ವಿಶ್ವೇಶ್ವರಯ್ಯ ಸಂಗ್ರಹಾಲಯವು ಬಸ್ಸಿನಲ್ಲಿ ಅಳವಡಿಸಿದ ಸಂಚಾರಿ ವಿಜ್ಞಾನ ಪ್ರದರ್ಶನವನ್ನು ನಡೆಸುತ್ತಿದ್ದು, ಈ ಬಗ್ಗೆ ಆಸಕ್ತ ಶಾಲೆಗಳು ಸದರಿ ಸಂಸ್ಥೆಗೆ ಪತ್ರ ಬರೆಯಬಹುದು. ಯಾವುದೇ ಕೇಂದ್ರದಲ್ಲಿ ಮಾದರಿ ಕೆಲಸ ಮಾಡದಿರುವುದು ಕಂಡುಬಂದರೆ, ಮಾದರಿಯ ಹೆಸರು ಹಾಗೂ ದೋಷವನ್ನು ಸ್ವಾಗತ ಕೊಠಡಿಯಲ್ಲಿರುವ ಸಲಹಾ ಪುಸ್ತಕದಲ್ಲಿ ಬರೆಯಲು ಅಥವಾ ವಿಭಾಗದ ಸಿಬ್ಬಂದಿಗೆ ತಿಳಿಸಲು ಕೋರಲಾಗಿದೆ. ದಿನವೂ ನೂರಾರು ಕೈಗಳು ಮುಟ್ಟುವ ಮಾದರಿಗಳು ಕೆಡುವುದು ಸಹಜವಾಗಿದ್ದು, ಸಂದರ್ಶಕರು ತಿಳಿಸಿದಾಗಲೇ ಹಲವು ದೋಷಗಳು ಸಿಬ್ಬಂದಿಯ ಗಮನಕ್ಕೆ ಬರುತ್ತವೆ.